ಎಂಟು ದನಿ, ಐವರು ಟೆನರ್

ಪ್ರಶ್ನೆ: ನಮ್ಮ ಕ್ವಾಯರಿನಲ್ಲಿ (ಗಾಯನವೃಂದ) 34 ಜನ: ಹೆಣ್ಣುದನಿಗಳಲ್ಲಿ ಮೇಲಿನ ಸೋಪ್ರಾನೊ 12, ಕೆಳಗಿನ ಆಲ್ಟೊ 10, ಗಂಡುದನಿಗಳಲ್ಲಿ ಕೆಳಗಿನ ಬಾಸ್ 7. ಎಲ್ಲರೂ ಪಾಶ್ಚಾತ್ಯ ಸ್ವರಲಿಪಿಯಾದ ಸ್ಟಾಫ್ ನೊಟೇಶನ್ ಓದುತ್ತಾರೆ. ನಾಲ್ಕು ದನಿಯ (ನಾಲ್ಕು ಬೇರೆ ಬೇರೆ ಸಾಲುಗಳನ್ನು ಒಟ್ಟಿಗೆ ಹಾಡುವ) ಕೃತಿಗಳು ಎರಡು ವಾರದಲ್ಲಿ ಬಾಯಿಗೆ ಬಂದುಬಿಡುತ್ತವೆ. ಈಗ ‘ಏನಾದರೂ ಗಟ್ಟಿ ಕೃತಿ ಕೊಡಿ, ಪಕ್ಕವಾದ್ಯ ಇಲ್ಲದ್ದೇ ಆಗಬೇಕು’ ಎಂದು ಬೆನ್ನು ಹತ್ತಿದ್ದಾರೆ. ಸಂಯೋಜಕ ಬಾಖ್‌ನ ‘ಸಿಂಗೆಟ್ ಡೆಮ್ ಹೆರ್ನ್’ ಮೇಲೆ ಕಣ್ಣಿಟ್ಟಿದ್ದೇನೆ. ಗಂಡುದನಿಗಳಲ್ಲಿ ಮೇಲಿನದಾದ ಟೆನರ್ ಮಾತ್ರ ಐವರೇ. ಧೈರ್ಯ ಮಾಡಲೇ?

ಉತ್ತರ: ಟೆನರ್ ಸಂಗತಿಯನ್ನು ಕೊನೆಗೆ ಮೆಲ್ಲಗೆ ಸೇರಿಸಿದ್ದೀರಿ. ನಾನು ನಿಮ್ಮ ಪತ್ರವನ್ನು ಅಲ್ಲಿಂದಲೇ ಓದಲು ಶುರು ಮಾಡಿದೆ ಅನ್ನಿ. ‘ಸಿಂಗೆಟ್’ ನಾಲ್ಕು ನಾಲ್ಕು ದನಿಯ ಎರಡು ಕ್ವಾಯರುಗಳಿಗೆ ಬರೆದ ಮೋಟೆಟ್, ಅಂದರೆ ಧಾರ್ಮಿಕ ಸಾಹಿತ್ಯದ ವೃಂದಗಾನ. ನಿಮ್ಮ ಐವರನ್ನು ಹಂಚಿದರೆ ಒಂದು ಕಡೆ ಮೂವರು, ಇನ್ನೊಂದು ಕಡೆ ಇಬ್ಬರು. ಬಾಖ್ ಉಸಿರಿಗೆಂದು ಜಾಗ ಬಿಟ್ಟು ಬರೆಯುವವನಲ್ಲ. ಸಾಲು ಬಾರ್‌ಗಟ್ಟಲೆ (ಆವರ್ತಗಟ್ಟಲೆ) ಓಡುತ್ತಿರುವಾಗ ಒಬ್ಬರು ಹಾಡಬೇಕು, ಪಕ್ಕದವರು ಉಸಿರು ಕದಿಯಬೇಕು, ಮತ್ತೆ ಅದಲುಬದಲು. ಇಬ್ಬರೇ ಇದ್ದರೆ ಒಬ್ಬರು ಉಸಿರೆಳೆದ ಗಳಿಗೆಗೆ ಮತ್ತೊಬ್ಬರದು ಸೋಲೊ. ಅವರಿಗೊಂದು ನೆಗಡಿ ಬಂತೋ, ಮುಗಿಯಿತು. ಹನ್ನೆರಡು ಸೋಪ್ರಾನೊಗಳು ಎಷ್ಟೇ ಸೊಗಸಾಗಿ ಹಾಡಿದರೂ ಆ ತೂತು ಮುಚ್ಚುವುದಿಲ್ಲ.

ಬಾಖ್ ಬಿಡಬೇಡಿ, ಮೋಟೆಟ್ ಬದಲಿಸಿ. ‘ಯೇಸು ಮೈನೆ ಫ್ರಾಯ್ಡೆ’ ಐದು ದನಿಯದು. ಅದರಲ್ಲಿ ಇಬ್ಭಾಗವಾಗುವುದು ಸೋಪ್ರಾನೊ, ನಿಮ್ಮಲ್ಲಿ ಜನ ಹೆಚ್ಚಿರುವುದೂ ಅಲ್ಲೇ. ಟೆನರ್ ಒಂದೇ ಸಾಲು, ಐವರೂ ಒಟ್ಟಿಗೆ. ಒಟ್ಟು ಹನ್ನೊಂದು ಭಾಗಗಳು. ಒಂದು ಭಾಗದಲ್ಲಿ ಮೇಲಿನ ಮೂರು ದನಿಗಳಷ್ಟೇ, ಇನ್ನೊಂದರಲ್ಲಿ ಕೆಳಗಿನ ಮೂರೇ, ‘ಗೂಟೆ ನಾಖ್ಟ್’ ಎಂಬ ಒಂಬತ್ತನೆಯ ಭಾಗದಲ್ಲಿ ಬಾಸ್‌ಗೆ ಪೂರ್ತಿ ರಜೆ. ಹಾಗಾಗಿ ಗಂಟಲಿಗೆ ಬಿಡುವು ಸಿಗುತ್ತದೆ, ಸವಾಲೂ ಕಮ್ಮಿಯಾಗುವುದಿಲ್ಲ. ನಡುವಿನ ಫ್ಯೂಗ್ (ಒಂದು ದನಿ ಎತ್ತಿದ ಧಾಟಿಯನ್ನು ಉಳಿದವು ಒಂದೊಂದಾಗಿ ಹಿಂಬಾಲಿಸುವ ಭಾಗ) ಬಂದಾಗ ನಿಮ್ಮವರು ‘ಗಟ್ಟಿ ಕೃತಿ ಬೇಕು’ ಎಂದದ್ದನ್ನು ತಾವೇ ಹಿಂದಕ್ಕೆ ತೆಗೆದುಕೊಳ್ಳಬಹುದು. ‘ಸಿಂಗೆಟ್’ ಆಸೆ ಹೋಗುವುದೇ ಇಲ್ಲವಾದರೆ ಅದರ ಕೊನೆಯ ಫ್ಯೂಗ್ ನೋಡಿ. ಅಲ್ಲಿ ಎರಡೂ ಕ್ವಾಯರುಗಳು ಕೂಡಿ ನಾಲ್ಕೇ ದನಿಯಾಗುತ್ತವೆ. ಅದನ್ನು ಅಭ್ಯಾಸಕ್ಕೆಂದು ಕಲಿಸಿಡಿ, ಮುಂದೆ ಟೆನರ್ ಸಿಕ್ಕಾಗ ಉಳಿದದ್ದು.

ದನಿ ಹೆಚ್ಚಾದಷ್ಟೂ ಕೃತಿ ಕಷ್ಟ ಎನ್ನುವ ಲೆಕ್ಕ ನನಗಂತೂ ಒಪ್ಪಿಗೆಯಿಲ್ಲ. ಟ್ಯಾಲಿಸ್‌ನ ‘ಸ್ಪೆಮ್ ಇನ್ ಆಲಿಯಮ್’ ನಲವತ್ತು ದನಿಯದು, ಐದೈದು ದನಿಯ ಎಂಟು ಗುಂಪು. ಒಬ್ಬೊಬ್ಬರ ಸಾಲನ್ನು ಬಿಡಿಸಿ ನೋಡಿದರೆ ಹಾಡಿಬಿಡಬಹುದು. ವಿರಾಮ ಎಣಿಸುತ್ತ ಕೂರುವುದೇ ದೊಡ್ಡ ಪರೀಕ್ಷೆ. 1611ರಲ್ಲಿ ಅಚ್ಚಾದ ಜೆಸುವಾಲ್ದೊನ ‘ಮೋರೊ ಲಾಸ್ಸೊ’ ಐದೇ ದನಿ, ಕೆಲವೇ ನಿಮಿಷ. ಆದರೆ ಮೊದಲ ಎರಡು ಸ್ವರಮೇಳ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ದಾಟುವುದರೊಳಗೆ ಕಾಲಡಿಯ ನೆಲ ಜಾರಿರುತ್ತದೆ.

ಇದನ್ನು ನಾನು ಕಲಿತದ್ದು ಮಾನ ಹೋದ ಮೇಲೆ. ಬ್ರುಕ್ನರ್ 1884ರಲ್ಲಿ ಬರೆದ ‘ಕ್ರಿಸ್ಟುಸ್ ಫ್ಯಾಕ್ಟುಸ್ ಎಸ್ಟ್’ ಕಲಿಸುತ್ತಿದ್ದೆ. ನಾಲ್ಕೇ ದನಿ ಎಂದು ಸಲೀಸಾಗಿ ತೆಗೆದುಕೊಂಡಿದ್ದೆ. ತಿಂಗಳುಗಟ್ಟಲೆ ಪ್ರತಿ ರಿಹರ್ಸಲ್‌ನಲ್ಲೂ ಪಿಯಾನೊ ನಾಲ್ಕೂ ಸಾಲುಗಳನ್ನು ಜೊತೆಗೇ ನುಡಿಸುತ್ತಿತ್ತು. ಕಛೇರಿಯ ದಿನ ಪಿಯಾನೊ ಇಲ್ಲ. ನಮಗೆ ನಾವು ಅದ್ಭುತವಾಗಿ ಹಾಡಿದ ಹಾಗೇ ಅನ್ನಿಸಿತು. ಮುಂದಿನ ಕೃತಿಗೆ ಆರ್ಗನ್ ಶುರುವಾಯಿತು ನೋಡಿ, ಮುಂದಿನ ಸಾಲಿನ ಆಲ್ಟೊ ಒಬ್ಬರು ಬೆಚ್ಚಿ ನನ್ನ ಮುಖ ನೋಡಿದರು. ನಾವು ಅರ್ಧ ಸ್ವರಕ್ಕಿಂತ ಹೆಚ್ಚೇ ಕೆಳಗಿಳಿದಿದ್ದೆವು. ಶ್ರುತಿ ಇದ್ದದ್ದು ಪಿಯಾನೊದಲ್ಲಿ, ನಮ್ಮ ಕಿವಿಯಲ್ಲಲ್ಲ. ಷೋನ್‌ಬರ್ಗ್‌ನ ‘ಫ್ರೀಡೆ ಔಫ್ ಎರ್ಡೆನ್’ 1907ರದು, ಬರೀ ದನಿಗಳಿಗೆ ಬರೆದದ್ದು. 1911ರಲ್ಲಿ ಶ್ರುತಿಗೆ ಆಸರೆಯಾಗಲೆಂದು ಅವನೇ ವಾದ್ಯಗಳ ಸಾಲು ಸೇರಿಸಿಕೊಟ್ಟ. ಅದನ್ನು ಓದಿದಾಗ ಸ್ವಲ್ಪ ಸಮಾಧಾನವಾಯಿತು.

ಆಮೇಲಿಂದ ಯಾವ ಸ್ಕೋರ್ (ಎಲ್ಲ ದನಿಗಳ ಸ್ವರಲಿಪಿ) ಕೈಗೆ ಬಂದರೂ ಕೆಂಪು ಪೆನ್ಸಿಲ್ ಹಿಡಿದು ಕೂರುತ್ತೇನೆ. ವಿರಾಮ ಮುಗಿಸಿ ಹೊಸದಾಗಿ ಎತ್ತಿಕೊಳ್ಳುವ ಪ್ರತಿ ಜಾಗದಲ್ಲೂ ಒಂದೇ ಪ್ರಶ್ನೆ: ಈ ಸ್ವರವನ್ನು ಇವರು ಎಲ್ಲಿಂದ ತರುತ್ತಾರೆ? ಹಿಂದಿನ ಸ್ವರಮೇಳದಲ್ಲಿ ಯಾರಾದರೂ ಆ ಸ್ವರ ಹಾಡುತ್ತಿದ್ದರೆ ಸರಿ, ಕಿವಿಗೊಟ್ಟು ಎತ್ತಿಕೊಳ್ಳುತ್ತಾರೆ. ಪಕ್ಕದ ಸ್ವರವಿದ್ದರೂ ನಡೆದೀತು. ಎರಡೂ ಇಲ್ಲದಿದ್ದರೆ ಕೆಂಪು ಸುತ್ತು. ಸುತ್ತುಗಳು ನಾಲ್ಕೂ ಗುಂಪಿಗೆ ಹಂಚಿಹೋಗಿದ್ದರೆ ಕೆಲಸಕ್ಕೆ ಕೈ ಹಾಕುತ್ತೇನೆ. ಎಲ್ಲ ಒಂದೇ ಗುಂಪಿನ ಮೇಲೆ, ಅದೂ ಸಣ್ಣ ಗುಂಪಿನ ಮೇಲೆ ಬಿದ್ದಿದ್ದರೆ ಸ್ಕೋರ್ ಕಪಾಟಿಗೆ ಹೋಗುತ್ತದೆ. ಕಪಾಟು ಅವಮಾನವೇನಲ್ಲ. ಫ್ರಾಂಕ್ ಮಾರ್ಟಿನ್‌ನ ಎರಡು ಕ್ವಾಯರುಗಳ ಮಾಸ್ (ಚರ್ಚಿನ ಪೂಜಾವಿಧಿಯ ಗಾಯನ) ಬಹುಪಾಲು 1922ರಲ್ಲೇ ಸಿದ್ಧವಾಗಿತ್ತು. ಅವನೇ ಒಳಗಿಟ್ಟುಕೊಂಡಿದ್ದ, ಹೊರಬಂದದ್ದು 1963ರಲ್ಲಿ.

ಪ್ರಶ್ನೆ: ರಖ್ಮಾನಿನೋಫ್‌ನ ‘ಆಲ್ ನೈಟ್ ವಿಜಿಲ್’ ತೆಗೆದುಕೊಂಡಿದ್ದೇವೆ. ಐದನೆಯ ಭಾಗದ ಕೊನೆಯಲ್ಲಿ ಬಾಸ್‌ಗಳು ಕೆಳಗಿನ ಬಿ ಫ್ಲ್ಯಾಟ್‌ವರೆಗೆ ಇಳಿಯಬೇಕು. ನಮ್ಮಲ್ಲಿ ಅಷ್ಟು ಕೆಳಗೆ ಹೋಗುವವರು ಒಬ್ಬರೇ. ಭಾಗವನ್ನೇ ಕೈಬಿಡಲೇ?

ಉತ್ತರ: ಬೇಡವೇ ಬೇಡ. ಅದು ರಖ್ಮಾನಿನೋಫ್‌ಗೆ ತನ್ನ ಕೃತಿಯಲ್ಲೇ ತುಂಬ ಇಷ್ಟವಾದ ಭಾಗ. ಇಂಥ ಬಾಸ್‌ಗಳನ್ನು ಎಲ್ಲಿಂದ ತರೋಣ ಎಂದು 1915ರ ಮೊದಲ ಪ್ರದರ್ಶನ ನಡೆಸಿದ ದಾನಿಲಿನ್ನೇ ತಲೆಯಾಡಿಸಿದ್ದನಂತೆ. ನಿಮ್ಮ ಒಬ್ಬರನ್ನು ಗುಂಪಿನ ನಡುವೆ ನಿಲ್ಲಿಸಿ. ಉಳಿದ ಬಾಸ್‌ಗಳು ತಮಗೆ ದಕ್ಕುವಷ್ಟು ಮೆಟ್ಟಿಲು ಜೊತೆಗಿಳಿದು, ಗಂಟಲು ಒರಟಾಗುವ ಮುನ್ನ ಒಬ್ಬೊಬ್ಬರಾಗಿ ಸದ್ದಿಲ್ಲದೆ ನಿಲ್ಲಿಸಲಿ. ಅಲ್ಲಿ ಹೇಗೂ ತೀರಾ ಮೆಲುದನಿಯಲ್ಲಿ ಹಾಡಬೇಕಾದದ್ದು. ಮೇಲಿನ ದನಿಗಳು ಇನ್ನಷ್ಟು ತಗ್ಗಿದರೆ ಆ ಒಬ್ಬರು ಕೇಳಿಸುತ್ತಾರೆ. ಅವರಿಗೆ ಕಛೇರಿ ಬೆಳಗಿನ ಹೊತ್ತಿಗಿದ್ದರೆ ಇನ್ನೂ ಅನುಕೂಲ. ನಿದ್ದೆಯಿಂದೆದ್ದ ಗಂಟಲು ಎರಡು ಸ್ವರ ಜಾಸ್ತಿಯೇ ಕೆಳಗಿಳಿಯುತ್ತದೆ.