ಮಿಕ್ಸರ್‌ಗೆ ಸ್ಕ್ವಿಡ್ ಹಾಕಬಹುದಾ?

ಪ್ರಶ್ನೆ: ಊರಲ್ಲಿ ಸೌಂಡ್ ಸರ್ವಿಸ್ ನಡೆಸುತ್ತೇನೆ. 2025ರ ಭೌತಶಾಸ್ತ್ರದ ನೊಬೆಲ್ ಪಡೆದ ಜಾನ್ ಕ್ಲಾರ್ಕ್ 'ಸ್ಕ್ವಿಡ್' ಎಂಬ, ಸುಯ್ ಸದ್ದೇ ಇಲ್ಲದ ಆಂಪ್ಲಿಫೈಯರ್ ಮಾಡಿದ್ದಾರೆ ಎಂದು ಓದಿದೆ. ನಮ್ಮ ಮೈಕ್ ಸೆಟ್‌ಗೂ ಅದು ಆಗುತ್ತದಾ?
– ಓದುಗರೊಬ್ಬರು, ಶಿರಸಿ

ಉತ್ತರ: ಆಗುವುದಿಲ್ಲ ಸರ್. ನೊಬೆಲ್ ಬಂದಿದ್ದೂ ಆಂಪ್ಲಿಫೈಯರ್‌ಗಲ್ಲ, 1984-85ರ ಬೇರೆ ಪ್ರಯೋಗಗಳಿಗೆ. ಆದರೆ ಆಂಪ್ಲಿಫೈಯರ್ ಕಥೆ ಮಾತ್ರ ನಿಜ.

ಮೈಕಿನ ಸಿಗ್ನಲ್ ಮೊದಲು ಹೋಗುವುದು ಪ್ರಿಆಂಪ್‌ಗೆ ಅಲ್ವಾ, ಅಲ್ಲಿ ಸೇರಿಕೊಂಡ ಸುಯ್ ಆಮೇಲೆ ವಾಲ್ಯೂಮ್ ಏರಿಸಿದ ಹಾಗೆಲ್ಲ ಹಾಡಿನ ಜೊತೆಗೇ ಏರುತ್ತದೆ, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅಮೆರಿಕದ ಸಿಯಾಟಲ್‌ನಲ್ಲಿರುವ ಎಡಿಎಂಎಕ್ಸ್ ಪ್ರಯೋಗದವರ ತಲೆನೋವೂ ಇದೇ. ಅವರು ಹುಡುಕುತ್ತಿರುವುದು ಆಕ್ಸಿಯಾನ್ ಎಂಬ, ಇದೆಯೋ ಇಲ್ಲವೋ ಗೊತ್ತಿಲ್ಲದ ಕಣವನ್ನು. ಅದು ಬಲವಾದ ಅಯಸ್ಕಾಂತದೊಳಗೆ ಮೈಕ್ರೋವೇವ್ ಆಗಿ ಬದಲಾದರೂ ಸಿಗುವ ಶಕ್ತಿ ಒಂದು ವ್ಯಾಟ್‌ನ ಕೋಟಿ ಕೋಟಿ ಕೋಟಿ ಪಾಲಿನಲ್ಲಿ ಒಂದಕ್ಕಿಂತಲೂ ಕಡಿಮೆ! ಇಂಥ ಸದ್ದನ್ನು ಉಷ್ಣತೆಯ ಅಳತೆಯಾದ ಕೆಲ್ವಿನ್‌ನಲ್ಲಿ ಹೇಳುತ್ತಾರೆ; ಚೆನ್ನಾಗಿ ತಣ್ಣಗೆ ಮಾಡಿದ ಟ್ರಾನ್ಸಿಸ್ಟರ್ ಕೂಡ ಸುಮಾರು 2 ಕೆಲ್ವಿನ್‌ನಷ್ಟು ಸದ್ದು ಸೇರಿಸುತ್ತದೆ. ಅದಕ್ಕೇ ಅವರಿಗೆ ಸ್ಕ್ವಿಡ್ ಬೇಕಾಯಿತು.

ಸ್ಕ್ವಿಡ್ ಎಂದರೆ ಸೂಪರ್‌ಕಂಡಕ್ಟರ್‌ನ (ತುಂಬಾ ತಣ್ಣಗಾದಾಗ ವಿದ್ಯುತ್ತಿಗೆ ತಡೆಯೇ ಒಡ್ಡದ ವಸ್ತುವಿನ) ಪುಟ್ಟ ಉಂಗುರ, ಅದರಲ್ಲಿ ಎರಡು ಕಡೆ ತೆಳುವಾದ ಅಡ್ಡಗೋಡೆ. ಉಂಗುರದೊಳಗಿನ ಕಾಂತೀಯತೆ ಚೂರು ಬದಲಾದರೂ ಅದರ ವೋಲ್ಟೇಜ್ ಬದಲಾಗುತ್ತದೆ, ಹಾಗಾಗಿ ಸಿಗ್ನಲನ್ನು ಒಂದು ಸುರುಳಿಗೆ ಕೊಟ್ಟು ಉಂಗುರದ ಪಕ್ಕ ಇಟ್ಟರೆ ಆಂಪ್ಲಿಫೈಯರ್ ಸಿದ್ಧ. ತೊಂದರೆ ಏನೆಂದರೆ, ಫ್ರೀಕ್ವೆನ್ಸಿ ಜಾಸ್ತಿಯಾದರೆ ಸುರುಳಿಗೂ ಉಂಗುರಕ್ಕೂ ನಡುವೆ ಕೆಪ್ಯಾಸಿಟರ್ ಇದ್ದ ಹಾಗಾಗಿ ಸಿಗ್ನಲ್ ಅಲ್ಲೇ ಸೋರಿಹೋಗುತ್ತದೆ. 1998ರ ಹೊತ್ತಿಗೆ ಮಿಖಾಯೆಲ್ ಮ್ಯೂಕ್, ಕ್ಲಾರ್ಕ್ ಮತ್ತು ಜೊತೆಯವರು ಆ ತೊಂದರೆಯನ್ನೇ ಕೆಲಸಕ್ಕೆ ಹಚ್ಚಿದರು. ಸಿಗ್ನಲನ್ನು ಸುರುಳಿಯ ಎರಡು ತುದಿಗೆ ಕೊಡದೆ ಒಂದು ತುದಿಗೂ ಉಂಗುರಕ್ಕೂ ಕೊಟ್ಟರು, ಇನ್ನೊಂದು ತುದಿಯನ್ನು ಸುಮ್ನೆ ಬಿಟ್ಟರು. ಸುರುಳಿ ತಂಬೂರಿ ತಂತಿಯಂತೆ ಒಂದು ಶ್ರುತಿಗೆ ಮಿಡಿಯತೊಡಗಿತು, ಆ ಶ್ರುತಿಯ ಸಿಗ್ನಲ್ ಸೋರಿಹೋಗದೆ ಉಂಗುರಕ್ಕೆ ತಲುಪಿತು. ನನಗಂತೂ ನೊಬೆಲ್ ಕೆಲಸಕ್ಕಿಂತ ಈ ಜಾಣತನವೇ ಹೆಚ್ಚು ಇಷ್ಟ.

ಹಾಗಂತ ಸದ್ದು ಸೊನ್ನೆಯಾಗುವುದಿಲ್ಲ. ಕ್ವಾಂಟಂ ನಿಯಮ ಒಂದು ಮಿತಿ ಹಾಕಿದೆ, 1 ಗಿಗಾಹರ್ಟ್ಸ್‌ನಲ್ಲಿ ಅದು ಸುಮಾರು 0.05 ಕೆಲ್ವಿನ್. ಆದರೂ ಲಾಭ ದೊಡ್ಡದು: ಒಟ್ಟು ಸದ್ದು ಅರ್ಧವಾದರೆ ಹುಡುಕಾಟದ ಸಮಯ ಕಾಲು ಭಾಗಕ್ಕೆ ಇಳಿಯುತ್ತದೆ.

ಇದಕ್ಕೆಲ್ಲ ಮೈನಸ್ 273 ಡಿಗ್ರಿ ಹತ್ತಿರದ ಚಳಿ ಬೇಕು, ನಿಮ್ಮ ಜಾತ್ರೆ ಪೆಂಡಾಲಿನಲ್ಲಿ ಅದೆಲ್ಲಿಂದ ತರ್ತೀರಿ? ಮೈಕಿನ ಗೇನ್ ನಾಬನ್ನು ಸಾಕಷ್ಟು ಏರಿಸಿ ಮಾಸ್ಟರ್ ಇಳಿಸಿ ನೋಡಿ, ಸುಯ್ ಎಷ್ಟೋ ಕಡಿಮೆಯಾಗುತ್ತದೆ.