ಕರಿಯನಿಗೆ ಎಡೆ ಇಡಬಹುದಾ?

ಇವರನ್ನು ಶಿವಣ್ಣ ಎಂದು ಕರೆಯೋಣ. ಗುರುತು ಸಿಗದಂತೆ ಹೆಸರು, ಕೆಲವು ವಿವರ ಬದಲಿಸಿದ್ದೇನೆ. ಮಂಡ್ಯ ಕಡೆಯವರು, ಬೆಂಗಳೂರಿನಲ್ಲಿ ಕೆಲಸ. ಮನೆಯಲ್ಲಿ ತಾಯಿ, ಹೆಂಡತಿ, ಆರು ವರ್ಷದ ಮಗಳು. ನಿದ್ದೆ ಬರುತ್ತಿಲ್ಲ ಎಂದು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದರು. ಬಹಳ ಹೊತ್ತು ಆಫೀಸಿನ ಒತ್ತಡದ ಬಗ್ಗೆಯೇ ಮಾತಾಡಿದರು. ಆಮೇಲೆ ತಲೆ ತಗ್ಗಿಸಿ, "ನಮ್ಮ ನಾಯಿ ಹೋಯ್ತು ಮೇಡಂ. ಇದಕ್ಕೆಲ್ಲ ನಿಮ್ಮ ಹತ್ರ ಬರಬಹುದಾ?" ಎಂದರು.

ಖಂಡಿತ ಬರಬಹುದು. ಮನೆಯಲ್ಲಿ ಹಿರಿಯರು ತೀರಿಕೊಂಡರೆ ನೆಂಟರು ಬರುತ್ತಾರೆ, ಆಫೀಸಿನಲ್ಲಿ ರಜೆ ಕೊಡುತ್ತಾರೆ, ಹನ್ನೊಂದನೇ ದಿನ ಅಂತ ಒಂದು ಇರುತ್ತದೆ. ನಾಯಿ ಸತ್ತರೆ ಇದ್ಯಾವುದೂ ಇಲ್ಲ. "ನಾಯಿ ತಾನೇ, ಇನ್ನೊಂದು ತಂದರಾಯ್ತು" ಅಂತಾರೆ. ಸಮಾಜ ಲೆಕ್ಕಕ್ಕೇ ತೆಗೆದುಕೊಳ್ಳದ ಇಂಥ ದುಃಖದ ಬಗ್ಗೆ ಅಮೆರಿಕದ ಪ್ರಾಧ್ಯಾಪಕ ಕೆನ್ನೆತ್ ಡೋಕಾ 1980ರ ದಶಕದಲ್ಲೇ ಬರೆದಿದ್ದಾರೆ. ಹೇಳಿಕೊಳ್ಳಲು ಜಾಗ ಸಿಗದ ದುಃಖ ಬೇಗ ಇಳಿಯುವುದಿಲ್ಲ.

ಕರಿಯ ಹದಿಮೂರು ವರ್ಷದ ನಾಟಿ ನಾಯಿ. ಮೂತ್ರಪಿಂಡ ಕೆಟ್ಟಿತ್ತು, ನೀರೂ ನಿಲ್ಲುತ್ತಿರಲಿಲ್ಲ. ನೋವಿಲ್ಲದ ಸಾವು ಕೊಡುವುದೇ ಒಳ್ಳೆಯದು ಎಂದರು ಡಾಕ್ಟರು. ಶಿವಣ್ಣ ಸಹಿ ಹಾಕಿದರು. ಆದರೆ ಒಳಗೆ ನಿಲ್ಲಲಾಗದೆ ಹೊರಗೆ ಬಂದುಬಿಟ್ಟರು. ದೇಹವನ್ನೂ ಕ್ಲಿನಿಕ್ಕಿನವರಿಗೇ ಬಿಟ್ಟರು. ರಾತ್ರಿ ಅವರನ್ನು ಎಬ್ಬಿಸುತ್ತಿದ್ದ ಮಾತು ಒಂದೇ: "ಕೊನೇಲಿ ಅವನು ನನ್ನನ್ನೇ ಹುಡುಕಿರ್ತಾನೆ, ಅಲ್ವಾ?"

ಇಲ್ಲಿ ಎರಡು ಗಂಟುಗಳಿವೆ: ಅಗಲಿಕೆಯ ನೋವು, ತಪ್ಪು ಮಾಡಿದೆ ಎಂಬ ಭಾವ. ನೋವಿಗೆ ಸಮಯ ಬೇಕು. ತಪ್ಪಿನ ಭಾವಕ್ಕೆ ಬೇಕಾದ್ದು ನಿಜ ಸಂಗತಿ. "ಹಾಗೇನೂ ಆಗಿರಲ್ಲ ಬಿಡಿ" ಎಂದು ಸಮಾಧಾನ ಹೇಳುವುದು ಸುಲಭ. ಆದರೆ ಅಲ್ಲಿ ಏನಾಯಿತು ಎಂದು ಕಂಡವರು ಡಾಕ್ಟರು. "ಅವರನ್ನೇ ಹೋಗಿ ಕೇಳಿ" ಎಂದೆ. ಸಾಮಾನ್ಯವಾಗಿ ಮೊದಲು ಮಂಪರಿನ ಇಂಜೆಕ್ಷನ್ ಕೊಡುತ್ತಾರೆ ಎಂಬುದನ್ನೂ ತಿಳಿಸಿದೆ. ಶಿವಣ್ಣ ಹೋಗಿ ಕೇಳಿದರು. ಕರಿಯ ಆಗಲೇ ನಿದ್ದೆಗೆ ಜಾರಿದ್ದ, ಸಹಾಯಕ ಹುಡುಗ ತಲೆ ಹಿಡಿದುಕೊಂಡಿದ್ದ ಎಂದು ಗೊತ್ತಾಯಿತು. ಆ ಹುಡುಗನಿಗೆ ಥ್ಯಾಂಕ್ಸ್ ಹೇಳಿ ಬಂದರು. ನಿದ್ದೆ ಅಂದೇ ಸರಿಹೋಗಲಿಲ್ಲ. ಆದರೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಮಗಳಿಗೆ "ಕರಿಯನ್ನ ಊರಿಗೆ ಕಳಿಸಿದ್ದೀವಿ" ಎಂದಿದ್ದರು. ಅವಳು ಪ್ರತಿ ಭಾನುವಾರ ಊರಿಗೆ ಹೋಗೋಣ ಎನ್ನುತ್ತಿದ್ದಳು. ನಾನು ಕಟ್ಟುನಿಟ್ಟಾಗಿ ಹೇಳಿದ ಮಾತು ಇದೊಂದೇ: ಮಗುವಿಗೆ ನಿಜ ಹೇಳಿ, "ಸತ್ತುಹೋಯಿತು" ಎಂದೇ ಹೇಳಿ. "ನಿದ್ದೆ ಮಾಡಿಸಿದರು" ಅಂದರೆ ಮಗು ಮಲಗಲು ಹೆದರುತ್ತದೆ. ಅಪ್ಪ ಹೇಳಿದರು. ಅವಳು ಅತ್ತಳು. ಮಾರನೇ ದಿನ ಕೇಳಿದಳಂತೆ: "ನಂಗೆ ಜ್ವರ ಬಂದ್ರೆ ನಂಗೂ ಆ ಇಂಜೆಕ್ಷನ್ ಕೊಡ್ತಾರಾ?" ಇಂಥ ಪ್ರಶ್ನೆ ಬರಬಹುದು ಎಂದು ಮೊದಲೇ ಹೇಳಿದ್ದರಿಂದ ಉತ್ತರ ಸಿದ್ಧವಿತ್ತು. ಅದು ಬೇರೆಯೇ ಔಷಧಿ, ಮಕ್ಕಳಿಗೆ ಕೊಡುವುದು ವಾಸಿ ಮಾಡುವ ಇಂಜೆಕ್ಷನ್.

ಇನ್ನು ವಿದಾಯ. ದೇಹವೇ ಇಲ್ಲದಿದ್ದಾಗ ಹೇಗೆ? ಅವರ ಹತ್ತಿರ ಬೆಲ್ಟ್ ಇತ್ತು. ಊಟದ ತಟ್ಟೆಯನ್ನು ಹೆಂಡತಿ ಅಂದೇ ತೊಳೆದು ಅಟ್ಟಕ್ಕೆ ಹಾಕಿದ್ದರು. ಗಂಡನ ಕಣ್ಣಿಗೆ ಬೀಳದಿರಲಿ ಎಂದೇ ಹಾಗೆ ಮಾಡಿದ್ದು, ಅದೇ ಜಗಳವಾಗಿತ್ತು. ವಸ್ತುಗಳನ್ನು ತೆಗೆಯಲು ಯಾರೂ ಅವಸರ ಮಾಡಬಾರದು. ಹೆಚ್ಚು ನೋಡಿಕೊಂಡವರು ಯಾರೋ ಅವರು ಹೇಳಿದಾಗ ತೆಗೆದರೆ ಸಾಕು.

ಶಿವಣ್ಣನಿಗೆ ಮಹಾಲಯ ಅಮಾವಾಸ್ಯೆಯಂದು ಕರಿಯನಿಗೂ ಒಂದು ಎಡೆ ಇಡುವ ಆಸೆ. ಅವ್ವ ಸುತರಾಂ ಒಪ್ಪಲಿಲ್ಲ: "ಹಿರೀಕರ ಸಾಲಲ್ಲಿ ನಾಯಿಗೆ ಎಡೆಯಾ?" ನಾನು ಅವ್ವನ ಜೊತೆ ವಾದ ಬೇಡ ಎಂದೆ. ಅವರ ನಂಬಿಕೆಯೂ ಪ್ರೀತಿಯಿಂದಲೇ ಬಂದದ್ದು. ಹಾಗೆಂದು ನಾಯಿಯನ್ನು ನೆನೆಯುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಅವರದೇ ಜಿಲ್ಲೆ, ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೇ ಶತಮಾನದ ಶಾಸನವೊಂದಿತ್ತು. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ದೊರೆ ಬೂತುಗ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿತು, ಎರಡೂ ಸತ್ತವು. ಮಣಲೇರ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ಭೂಮಿಯನ್ನೂ ಬಿಟ್ಟ. ನಾಯಿ, ಹಂದಿ ಕಾದಾಡುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇದನ್ನು ಹೇಳಿದಾಗ ಶಿವಣ್ಣ ಮೊದಲ ಸಲ ನನ್ನೆದುರು ಅತ್ತರು. ಮಗಳನ್ನು ಕರೆದುಕೊಂಡು ಹೋಗಿ ತೋರಿಸಿದರು ಕೂಡ.

ಕೊನೆಗೆ ಊರಿನ ಜಮೀನಿನ ಬದುವಿನಲ್ಲಿ ಬೆಲ್ಟ್ ಹೂತು, ಮೇಲೆ ಹೊಂಗೆ ಸಸಿ ನೆಟ್ಟರು. ಮಗಳು ಕರಿಯನ ಚಿತ್ರ ಬರೆದು ಜೊತೆಗಿಟ್ಟಳು. ಎಡೆಯ ಬದಲು, ಅಮಾವಾಸ್ಯೆಯ ದಿನ ಬೀದಿಯ ನಾಯಿಗಳಿಗೆ ಅನ್ನ ಹಾಕುವುದೆಂದಾಯಿತು. ಅನ್ನ ಕಲಸಿಕೊಟ್ಟವರು ಅವ್ವನೇ.

ದೇಹ ಕೈಯಲ್ಲಿದ್ದವರಿಗೆ ಒಂದು ಮಾತು. ಹೂಳುವುದಾದರೆ ಬಾವಿ, ಬೋರ್‌ವೆಲ್‌ನಿಂದ ದೂರ, ಮೂರು ನಾಲ್ಕು ಅಡಿ ಆಳಕ್ಕೆ ಹೂಳಿ. ಇಂಜೆಕ್ಷನ್ ಕೊಟ್ಟ ದೇಹದಲ್ಲಿ ಔಷಧಿ ಉಳಿದಿರುತ್ತದೆ, ಬೇರೆ ಪ್ರಾಣಿ ಕೆದಕಿ ತಿಂದರೆ ಅದಕ್ಕೂ ಅಪಾಯ. ಜಾಗವಿಲ್ಲದಿದ್ದರೆ ಪ್ರಾಣಿಗಳ ಚಿತಾಗಾರ ಎಲ್ಲಿದೆ ಎಂದು ಡಾಕ್ಟರನ್ನು ಮೊದಲೇ ವಿಚಾರಿಸಿ.

ಊಟ, ಕೆಲಸ ಎರಡೂ ನಿಂತುಹೋಗಿ, ಬದುಕೇ ಬೇಡ ಎನಿಸುತ್ತಿದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಈ ನಡುವೆ ಶಿವಣ್ಣನ ಭಾಮೈದ ಮರಿಯೊಂದನ್ನು ತಂದುಕೊಡುತ್ತೇನೆ ಎಂದು ಹಟ ಹಿಡಿದಿದ್ದ. ತರುವುದಾದರೆ ಮನೆಯವರೆಲ್ಲ ಒಪ್ಪಿದ ಮೇಲೆ ತನ್ನಿ, ಅದಕ್ಕೆ ಕರಿಯನ ಹೆಸರು ಇಡಬೇಡಿ ಎಂದಿದ್ದೇನೆ. ಮಗಳು ಬೇಕು ಅಂತಾಳೆ, ಶಿವಣ್ಣ ಈಗ ಬೇಡ ಅಂತಾರೆ. ಸದ್ಯಕ್ಕೆ ತಂದಿಲ್ಲ.