ಯಾರ ತ್ಯಾಗ, ಯಾರ ಲೆಕ್ಕಕ್ಕೆ?

ಆಪ್ತ ಸಲಹೆಗೆ ನನ್ನ ಹತ್ತಿರ ಬಂದ ಈ ಕುಟುಂಬ ಕೋಲಾರ ಜಿಲ್ಲೆಯದು. ಗುರುತು ಸಿಗದ ಹಾಗೆ ಊರು, ವಯಸ್ಸು, ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಮಗಳೂ ಓದಿ ನೋಡಿದ್ದಾಳೆ.

ಗಂಡ ಪಾಸ್ಟರ್. ನಲವತ್ತು ದಾಟಿದ ವಯಸ್ಸು, ಹಳ್ಳಿಯಲ್ಲಿ ಒಂದು ಸ್ವತಂತ್ರ ಸಭೆ. ಸಿಎಸ್‌ಐ, ಮೆಥೋಡಿಸ್ಟ್ ತರಹದ ದೊಡ್ಡ ಚರ್ಚ್ ಸಂಸ್ಥೆಗಳ ಸಭಾಪಾಲಕರಿಗೆ ಸಂಬಳ, ಇರೋಕೆ ಮನೆ, ನಿವೃತ್ತಿ ಅಂತ ಒಂದು ವ್ಯವಸ್ಥೆ ಇರುತ್ತದೆ. ಇವರಿಗೆ ಭಾನುವಾರದ ಕಾಣಿಕೆಯೇ ಎಲ್ಲ. ಸಭೆಗೆ ಬರುವವರಲ್ಲಿ ಜಾಸ್ತಿ ಜನ ಟೊಮೆಟೊ ತೋಟಗಳಲ್ಲಿ ಕೂಲಿ ಮಾಡುವವರು. ರೇಟು ಬಿದ್ದಾಗ ರೈತರು ಕಾಯಿ ಕೀಳಿಸುವುದನ್ನೇ ಬಿಡುತ್ತಾರೆ. ಆಗ ಇವರಿಗೆ ಕೂಲಿ ಇಲ್ಲ, ಪಾಸ್ಟರ್ ಮನೆಗೆ ಅಕ್ಕಿ ಇಲ್ಲ.

ಅವರಾಗಿ ನನ್ನ ಹತ್ತಿರ ಬರಲಿಲ್ಲ. ಆಸ್ಪತ್ರೆಯ ಡಾಕ್ಟರ್ ಕಳಿಸಿದರು. ನಡೆದದ್ದು ಇಷ್ಟು: ಉಪವಾಸ ಪ್ರಾರ್ಥನೆ ನಡೆಯುತ್ತಿತ್ತು. ಕೊನೆಯ ರಾತ್ರಿ ಜಾಗರಣೆಯಲ್ಲಿ ಇವರು ಬೆವತು, ಕೈ ನಡುಗಿ, ಮಾತು ತೊದಲಿ ಕುಸಿದರು. ಪವಿತ್ರಾತ್ಮ ಇಳಿದಿದೆ ಅಂತ ಸಭೆಯವರು ಇನ್ನೂ ಜೋರಾಗಿ ಸ್ತೋತ್ರ ಹೇಳತೊಡಗಿದರು. ಹೆಂಡತಿ ಮಾತ್ರ ಜನರನ್ನು ತಳ್ಳಿಕೊಂಡು ಬಂದು, ತಲೆ ಎತ್ತಿ ಹಿಡಿದು, ಲೋಟದಲ್ಲಿ ಸಕ್ಕರೆ ನೀರು ಕುಡಿಸಿದರು. ನುಂಗುವಷ್ಟು ಎಚ್ಚರ ಇನ್ನೂ ಇತ್ತು, ಪುಣ್ಯ. ಪಾಸ್ಟರಿಗೆ ಶುಗರ್ ಇದೆ, ಮಾತ್ರೆ ತಗೊಳ್ತಾರೆ ಅನ್ನುವುದು ಆಕೆಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಊಟ ಬಿಟ್ಟಿದ್ದರು, ಮಾತ್ರೆ ಬಿಟ್ಟಿರಲಿಲ್ಲ. ಗ್ಲಿಮೆಪಿರೈಡ್ ತರಹದ ಮಾತ್ರೆ ನುಂಗಿ ಹೊಟ್ಟೆ ಖಾಲಿ ಇಟ್ಟರೆ ರಕ್ತದ ಸಕ್ಕರೆ ಜೀವಕ್ಕೆ ಅಪಾಯ ಆಗುವಷ್ಟು ಇಳಿಯಬಹುದು.

ಮೊದಲ ದಿನ ಅವರು ಕುರ್ಚಿಯ ತುದಿಯಲ್ಲಿ ಕೂತು ಕೇಳಿದ ಪ್ರಶ್ನೆ: "ಸಿಸ್ಟರ್, ನೀವು ವಿಶ್ವಾಸಿಯಾ?" ಹೌದು, ಮೆಥೋಡಿಸ್ಟ್ ಮನೆಯವಳು ಅಂದೆ. ಸ್ವಲ್ಪ ಹಿಂದಕ್ಕೆ ಸರಿದು ಕೂತರು. ನಿದ್ದೆ ಇಲ್ಲ. ಭಾನುವಾರ ಎರಡು ಗಂಟೆ ಪ್ರಸಂಗ ಮಾಡುತ್ತಾರೆ, ಸೋಮವಾರ ಹಾಸಿಗೆ ಬಿಟ್ಟು ಏಳಲು ಆಗುವುದಿಲ್ಲ. ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಖಿನ್ನತೆ ಎಷ್ಟಿದೆ ಅಂತ ಅಂದಾಜು ಮಾಡೋಕೆ. 27ಕ್ಕೆ ಇವರ ಅಂಕ 16, ಅಂದರೆ ಹಗುರವಾಗಿ ತಗೊಳ್ಳೋ ಮಟ್ಟ ಅಲ್ಲ. ಒಂಬತ್ತನೆಯದು ಸಾವಿನ ಯೋಚನೆಯ ಪ್ರಶ್ನೆ. ಅದಕ್ಕೆ ಅವರು "ಕರ್ತನು ಕರೆದುಕೊಂಡರೆ ಸಾಕು ಅನ್ನಿಸುತ್ತೆ" ಅಂದರು.

ನಮ್ಮಲ್ಲಿ ಈ ಮಾತು ಭಕ್ತಿಯ ಮಾತಿನ ಹಾಗೇ ಕೇಳಿಸುತ್ತದೆ. ಯಾರೂ ಬೆಚ್ಚುವುದಿಲ್ಲ, ಆಮೆನ್ ಅನ್ನುತ್ತಾರೆ. ಹಾಗಾಗಿ ನೇರವಾಗಿಯೇ ಕೇಳಿದೆ: ನೀವೇ ಏನಾದರೂ ಮಾಡಿಕೊಳ್ಳುವ ಯೋಚನೆ ಇದೆಯಾ? ಇಲ್ಲ ಅಂದರು, ಆದರೆ ಬೇಗ ಅನ್ನಲಿಲ್ಲ. ಅದೇ ವಾರ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆ. ಹೆಂಡತಿಯ ಫೋನಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸೇವ್ ಮಾಡಿಸಿದೆ. ದುಡ್ಡಿಲ್ಲದೆ, ಯಾವ ಹೊತ್ತಿನಲ್ಲಾದರೂ, ಕನ್ನಡದಲ್ಲೇ ಮಾತಾಡಬಹುದು.

ಖಿನ್ನತೆಗೆ ಮಾತ್ರೆ ತಗೊಳ್ಳುವುದು ದೇವರ ಮೇಲೆ ಅವಿಶ್ವಾಸ ಅಲ್ವಾ ಅನ್ನುವುದು ಅವರ ಚಿಂತೆ. ಬೈಬಲಿನ ಪ್ರವಾದಿ ಎಲೀಯನ ಕಥೆ ನೆನಪಿಸಿದೆ. ಸಾಕಪ್ಪಾ ಕರ್ತನೇ, ಪ್ರಾಣ ತಗೋ ಅಂತ ಗಿಡದ ಕೆಳಗೆ ಮಲಗಿದವನಿಗೆ ದೇವದೂತ ಬುದ್ಧಿ ಹೇಳಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಆಮೇಲೆ ಎಬ್ಬಿಸಿ ಇನ್ನೊಮ್ಮೆ ತಿನ್ನಲು ಹೇಳಿದ. ಉಪವಾಸ ಪೂರ್ತಿ ಬಿಡಿ ಅನ್ನಲಿಲ್ಲ ನಾನು. ಡಾಕ್ಟರನ್ನು ಕೇಳದೆ ಮಾಡಬೇಡಿ, ಬೇಕಿದ್ದರೆ ದಾನಿಯೇಲನ ಹಾಗೆ ಸೊಪ್ಪು ಕಾಳು ತಿಂದು ಮಾಡಿ ಅಂದೆ.

ಇಷ್ಟು ದೇಹದ ವಿಷಯ. ಮನೆಯ ವಿಷಯ ಎರಡನೇ ಭೇಟಿಯಲ್ಲಿ ಹೊರಬಂತು, ಅದೂ ಹೆಂಡತಿಯ ಬಾಯಿಂದ. ಆಕೆ ಬ್ಲೌಸ್ ಹೊಲಿಯುತ್ತಾರೆ. ತಿಂಗಳಿಗೆ 2 ಸಾವಿರದ ಚೀಟಿ ಕಟ್ಟಿ, 20 ತಿಂಗಳಿಗೆ 40 ಸಾವಿರ ಕೂಡಿಸಿದ್ದರು, ಮಗಳನ್ನು ನರ್ಸಿಂಗಿಗೆ ಸೇರಿಸಲು. ಆ ದುಡ್ಡು ಪ್ರಾರ್ಥನಾ ಮಂದಿರದ ಚಾವಣಿ ಶೀಟಿಗೆ ಹೋಯಿತು. ಗಂಡ ಕೊಟ್ಟಿದ್ದು ಆಕೆಗೆ ಗೊತ್ತಾಗಿದ್ದು ಭಾನುವಾರ, ಸಭೆಯಲ್ಲಿ, ಪಾಸ್ಟರ್ ಅದನ್ನೇ ಸಾಕ್ಷಿಯಾಗಿ ಹೇಳಿದಾಗ. "ಎಲ್ಲರೂ ಚಪ್ಪಾಳೆ ತಟ್ಟಿದ್ರು ಮೇಡಂ. ನಾನೂ ತಟ್ಟಿದೆ. ಏನ್ ಮಾಡ್ಲಿ?" ಅಂದರು ಆಕೆ. ಮಗಳು ಈಗ ನರಸಾಪುರದ ಒಂದು ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗುತ್ತಾಳೆ. ಭಾನುವಾರ ಬೇಕು ಅಂತಲೇ ಶಿಫ್ಟ್ ಹಾಕಿಸಿಕೊಳ್ಳುತ್ತಾಳೆ. ಅಪ್ಪನ ಜೊತೆ ಮಾತಿಲ್ಲ.

"ಸೇವೆ ಅಂದ ಮೇಲೆ ತ್ಯಾಗ ಇರಬೇಕು ಸಿಸ್ಟರ್. ವಿಲಿಯಂ ಕೇರಿ 41 ವರ್ಷ ಊರಿಗೇ ಹೋಗಲಿಲ್ಲ" ಅಂದರು ಪಾಸ್ಟರ್. ಇಂಗ್ಲೆಂಡಿನಿಂದ ಭಾರತಕ್ಕೆ ಬಂದ ಆ ಮಿಷನರಿಯ ಹೆಂಡತಿಯ ಹೆಸರು ಗೊತ್ತಾ ಅಂತ ಕೇಳಿದೆ. ಗೊತ್ತಿರಲಿಲ್ಲ. ಡೊರೊಥಿ. ಹಡಗು ಹತ್ತಲು ಮೊದಲು ಒಪ್ಪಿರಲಿಲ್ಲ. ಕೊನೆಗೆ ತಂಗಿಯನ್ನು ಜೊತೆಗೆ ಕರೆದುಕೊಂಡು, ಕೈಗೂಸು ಎತ್ತಿಕೊಂಡು 1793ರಲ್ಲಿ ಬಂದರು. ಮರುವರ್ಷವೇ ಐದು ವರ್ಷದ ಮಗ ಪೀಟರ್ ತೀರಿಹೋದ. ಆಕೆಯ ಮನಸ್ಸು ಕೆಟ್ಟಿತು, ಮತ್ತೆ ಸರಿಹೋಗಲಿಲ್ಲ. 1807ರಲ್ಲಿ ತೀರಿಕೊಂಡರು. ಕೇರಿಯವರ ಕೆಲಸ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಅದರ ಬೆಲೆ ಕಟ್ಟಿದವರಲ್ಲಿ ಒಬ್ಬಾಕೆಯನ್ನು ಕೇಳಿದ್ದು ಕಡಿಮೆ, ಅಷ್ಟೆ.

ಆಮೇಲೆ ಬೈಬಲಿನ ಎರಡನೇ ಸಮುವೇಲ ಪುಸ್ತಕದ 24ನೇ ಅಧ್ಯಾಯದ ಕೊನೆ ಓದಿ ಅಂದೆ. ಅರೌನ ಅನ್ನುವವನು ತನ್ನ ಕಣ, ಎತ್ತು ಎಲ್ಲ ಬಿಟ್ಟಿ ಕೊಡಲು ಬಂದರೂ ಅರಸ ದಾವೀದ ಒಪ್ಪುವುದಿಲ್ಲ. ಖರ್ಚಿಲ್ಲದ ಯಜ್ಞ ನನಗೆ ಬೇಡ ಅಂತ 50 ಶೆಕೆಲ್ ಬೆಳ್ಳಿ ಕೊಟ್ಟು ಕೊಳ್ಳುತ್ತಾನೆ. ಪಾಸ್ಟರ್ ಇದರ ಮೇಲೆ ಎಷ್ಟೋ ಸಲ ಪ್ರಸಂಗ ಮಾಡಿದ್ದಾರಂತೆ, ಕಾಣಿಕೆ ಎತ್ತುವ ಮುಂಚೆ. ಈ ಸಲ ಓದಿ ಮುಗಿಸಿ ತುಂಬ ಹೊತ್ತು ಸುಮ್ಮನಿದ್ದರು. "ಅರೌನ ಕೊಡ್ತೀನಿ ಅಂತಾದ್ರೂ ಅಂದ. ಇವಳನ್ನ ನಾನು ಕೇಳೇ ಇಲ್ಲ" ಅಂದರು. ಆ ಮಾತು ಅವರಿಂದಲೇ ಬರಬೇಕಿತ್ತು. ನಾನು ಹೇಳಿದ್ದರೆ ಅದು ಆರೋಪ ಆಗುತ್ತಿತ್ತು, ಅವರು ವಾಕ್ಯ ತೆಗೆದು ವಾದಕ್ಕೆ ಇಳಿಯುತ್ತಿದ್ದರು.

ತಕ್ಷಣ ಅವರಿಗೆ ಹೊಳೆದ ಪರಿಹಾರ ಕುಟುಂಬ ಪ್ರಾರ್ಥನೆ. ಮೂವರೂ ಮೊಣಕಾಲೂರಿ ಕ್ಷಮೆ ಕೇಳೋಣ ಅಂದರು. ಬೇಡ ಅಂದೆ. ಪ್ರಾರ್ಥನೆಗೆ ಕೂರಿಸಿದರೆ ಮಗಳು ಕ್ಷಮಿಸಲೇಬೇಕಾಗುತ್ತದೆ, ಇಲ್ಲದಿದ್ದರೆ ಅವಳೇ ಪಾಪಿ. ಮೊದಲು ಬಾಯಿಬಿಟ್ಟು ಹೇಳಿ: ನಿನ್ನ ಓದಿಗಿಟ್ಟ ದುಡ್ಡು ನಿನ್ನನ್ನು ಕೇಳದೆ ತಗೊಂಡೆ, ಇಂಥ ತಿಂಗಳೊಳಗೆ ವಾಪಸ್ ಕೊಡ್ತೀನಿ. ಅವಳು ಏನಂದರೂ, ಏನೂ ಅನ್ನದಿದ್ದರೂ, ಕೇಳಿಸಿಕೊಂಡು ಎದ್ದು ಬನ್ನಿ.

ದುಡ್ಡು ಎಲ್ಲಿಂದ? ಸೇವೆಗೆ ಬರುವ ಮುಂಚೆ ಇವರು ಮೋಟಾರ್ ರಿವೈಂಡಿಂಗ್ ಮಾಡುತ್ತಿದ್ದರು. ಬೋರ್‌ವೆಲ್ ಇಲ್ಲದೆ ಬದುಕಿಲ್ಲದ ಜಿಲ್ಲೆ ನಮ್ಮದು. ಸ್ಟಾರ್ಟರ್ ಸುಡದ ದಿನ ಇಲ್ಲ, ಮೋಟಾರ್ ಮೇಲೆತ್ತದ ಊರಿಲ್ಲ. ವಾರಕ್ಕೆ ಮೂರು ದಿನ ಆ ಕೆಲಸಕ್ಕೆ ಹೋಗಿ ಅಂದೆ. ಸುವಾರ್ತೆ ಸಾರುತ್ತಿದ್ದ ಪೌಲನೇ ಕೊರಿಂಥದಲ್ಲಿ ಗುಡಾರ ಹೊಲಿದ. ಸಭೆಯ ಹಿರಿಯರೊಬ್ಬರು "ಸೇವಕರ ಕೈಗೆ ಗ್ರೀಸ್ ಮೆತ್ತಿದ್ರೆ ಸಭೆ ಮರ್ಯಾದೆ ಏನಾಗಬೇಕು?" ಅಂತ ಮುನಿಸಿಕೊಂಡರು. ಹಾಗಾದರೆ ತಿಂಗಳಿಗೆ ಇಷ್ಟು ಅಂತ ನೀವು ಗೊತ್ತು ಮಾಡಿ ಅಂತ ಪಾಸ್ಟರಮ್ಮ ಕೇಳಿದ ಮೇಲೆ ಆ ಮಾತು ಮುಂದುವರಿಯಲಿಲ್ಲ.

ಇನ್ನು ಬೇರೆ ಸಲಹೆಗಳು ಸಾಮಾನ್ಯದವೇ. ಕಾಣಿಕೆ ಎಣಿಸುವುದು ಮನೆಯವರಲ್ಲದ ಇಬ್ಬರು. ಸಭೆಯ ಖಾತೆ ಬೇರೆ, ಮನೆಯದು ಬೇರೆ. ಹೊಲಿಗೆ ದುಡ್ಡು ಆಕೆಯ ಖಾತೆಗೆ, ಎಟಿಎಂ ಕಾರ್ಡ್ ಆಕೆಯ ಹತ್ತಿರ. ಸೋಮವಾರ ರಜೆ. ರಾತ್ರಿ ಒಂಬತ್ತೂವರೆ ಮೇಲೆ ಸಭೆಯ ಫೋನ್ ಇನ್ನೊಬ್ಬ ಬ್ರದರ್ ಹತ್ತಿರ. ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436 ರೂಪಾಯಿಯ ಜೀವ ವಿಮೆ ಬ್ಯಾಂಕಿನಲ್ಲೇ ಮಾಡಿಸಿ ಅಂದೆ, ಎರಡರಲ್ಲೂ 2 ಲಕ್ಷ ಸಿಗುತ್ತದೆ. ವಿಮೆಯ ಮಾತು ಬಂದಾಗ "ಕರ್ತನು ನೋಡಿಕೊಳ್ತಾನೆ" ಅಂತ ಶುರು ಮಾಡಿದರು. ಹೆಂಡತಿ ಅವರ ಕಡೆ ತಿರುಗಿ ನೋಡಿದರು. ಫಾರಂ ತುಂಬಿದರು.

ಈಗ ನಿದ್ದೆ ಪರವಾಗಿಲ್ಲ, ಖಿನ್ನತೆಯ ಅಂಕ 8ಕ್ಕೆ ಇಳಿದಿದೆ. ತಿಂಗಳಿಗೆ 4 ಸಾವಿರದ ಲೆಕ್ಕದಲ್ಲಿ ಮೂರು ಕಂತು ಕಟ್ಟಿದ್ದಾರೆ. ಮಗಳು ಹೇಳಿದ್ದು ಇಷ್ಟೇ: "ನರ್ಸಿಂಗ್ ಸೇರ್ತೀನೋ ಇಲ್ವೋ ಆಮೇಲೆ ನೋಡೋಣ. ದುಡ್ಡು ಅಮ್ಮನ ಖಾತೆಗೆ ಹಾಕಿ." ಮನೆಯಲ್ಲಿ ಮಾತು ಪೂರ್ತಿ ಶುರುವಾಗಿಲ್ಲ. ಶುಗರ್ ವಿಷಯ, ಖಿನ್ನತೆಯ ಮಾತ್ರೆ ವಿಷಯ ಸಭೆಗೆ ಹೇಳಬೇಕಾ ಅಂತ ಪಾಸ್ಟರ್ ಕೇಳಿದ್ದಾರೆ. ಎಲ್ಲರ ಮುಂದೆ ಹೇಳಲೇಬೇಕು ಅಂತೇನಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಶುಗರ್ ವಿಷಯವನ್ನಾದರೂ ಹೇಳಲಿ, ಇನ್ನೊಂದು ಸಲ ಬಿದ್ದಾಗ ನಾನು ಪಕ್ಕದಲ್ಲಿ ಇಲ್ಲದೇ ಹೋದರೆ ಅನ್ನುತ್ತಾರೆ ಹೆಂಡತಿ. ಮುಂದಿನ ಭೇಟಿಯಲ್ಲಿ ಅದನ್ನೇ ಮಾತಾಡುವುದು ಅಂತ ಆಗಿದೆ.